ತೋಟಗಾರನಿಗೂ ದ್ವೀಪಯಾತ್ರೆ ಬೇಡವೇ?

ಈ ಸಂಚಿಕೆ ಸದಸ್ಯ ಬಂಧುಗಳ ಕೈಸೇರುವ ಹೊತ್ತಿಗೆ ಹೆಚ್ಚಿನವರ ತೋಟಗಳಲ್ಲಿ ಬೋರ್ಡೋ ದ್ರಾವಣದ ಎರಡನೆಯ ಸಿಂಪಡಣೆ ಮುಗಿದಿರುತ್ತದೆ. ಮುಗಿಯದವರು ಇದನ್ನು ಬದಿಗಿಟ್ಟು ಮೊದಲು ಆ ಕೆಲಸ ನೋಡಿಕೊಳ್ಳಬೇಕಾಗಿ ವಿನಂತಿ. ಮಳೆ ಬಿಡುವು ಕೊಟ್ಟ ದಿನ ಪತ್ರಿಕೆ ಓದುತ್ತ ಕುಳಿತವನನ್ನು ಕೊಳೆರೋಗ ಕ್ಷಮಿಸುವುದಿಲ್ಲ. ಉಳಿದವರೊಡನೆ ಒಂದು ವಿಷಯ ಮಾತಾಡುವುದುಂಟು.

ಕಳೆದ ತಿಂಗಳು ಕದ್ರಿಯ ನಮ್ಮ ಕಚೇರಿಯಲ್ಲಿ ಸೇರಿದ ಸಭೆಯ ಕೊನೆಗೆ, ‘ಇತರ ವಿಷಯಗಳು’ ಎಂಬಲ್ಲಿಗೆ ಬಂದಾಗ, ಕಿರಿಯ ಸದಸ್ಯರೊಬ್ಬರು ಎದ್ದುನಿಂತು, ಸಂಘದ ವತಿಯಿಂದ ಲಕ್ಷದ್ವೀಪಕ್ಕೋ ಅಂಡಮಾನಿಗೋ ಒಂದು ಪ್ರವಾಸ ಏರ್ಪಡಿಸಬಾರದೇ ಎಂದು ಕೇಳಿದರು. ಸಭೆ ನಕ್ಕಿತು. “ನಾವೆಲ್ಲ ದ್ವೀಪಕ್ಕೆ ಹೋದರೆ ಪಂಪು ಹಾಕುವುದು ಯಾರು ಮಾರಾಯ್ರೆ?” ಎಂದು ಹಿರಿಯರೊಬ್ಬರು ಹೇಳಿದ್ದೇ ತಡ, ನಗು ಇಮ್ಮಡಿಯಾಯಿತು. ಕಾಫಿ ಬಂತು, ಸುಳ್ಯ, ಮೂಡಿಗೆರೆ ಕಡೆಯವರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ನಡಾವಳಿ ಪುಸ್ತಕದಲ್ಲಿ ನಾವು ‘ಚರ್ಚಿಸಲಾಯಿತು’ ಎಂದು ಬರೆದೆವು. ನಿಜ ಹೇಳಬೇಕೆಂದರೆ ಚರ್ಚೆ ನಡೆಯಲೇ ಇಲ್ಲ. ಸುಳ್ಳು ಬರೆದ ತಪ್ಪಿಗೆ ಆ ಚರ್ಚೆಯನ್ನು ಇಲ್ಲಿ ನಾವೇ ಆರಂಭಿಸುತ್ತಿದ್ದೇವೆ.

ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಹೋಗಬೇಕು. ಈ ವರ್ಷವೇ ಹೋಗಬೇಕು.

ಕದ್ರಿ ಗುಡ್ಡದ ಮೇಲೆ ನಿಂತು ಪಡುವಣಕ್ಕೆ ಮುಖ ಮಾಡಿದರೆ ಕಡಲು ಎಷ್ಟು ದೂರ? ತಣ್ಣೀರುಬಾವಿಯೋ ಪಣಂಬೂರೋ ಅರ್ಧ ಗಂಟೆಯ ದಾರಿ. ಆದರೂ ವರ್ಷಕ್ಕೆ ನಾಲ್ಕು ಬಾರಿ ಸಭೆಗೆಂದು ಇಲ್ಲಿಗೆ ಬರುವ ನಮ್ಮ ಸದಸ್ಯರಲ್ಲಿ ಎಷ್ಟು ಮಂದಿ ಕಡಲ ಕರೆಗೆ ಹೋಗಿದ್ದಾರೆ? ಇದೇ ಕದ್ರಿ ಗುಡ್ಡದ ಆಕಾಶವಾಣಿಯಿಂದ ಮೀನುಗಾರರಿಗೆ ಎಚ್ಚರಿಕೆ ಬಿತ್ತರವಾದರೆ ನಾವು ಅದನ್ನು ಅಂಗಳದ ಅಡಿಕೆಗೆ ಪ್ಲಾಸ್ಟಿಕ್ ಹೊದೆಸುವ ಸೂಚನೆಯೆಂದು ಮಾತ್ರ ಕೇಳುತ್ತೇವೆ. ಕಡಲು ಎಂದರೆ ನಮಗೆ ಮಳೆ ಬರುವ ದಿಕ್ಕು, ಅಷ್ಟೇ.

ಈಗ ಪಂಪಿನ ಪ್ರಶ್ನೆಗೆ ಬರೋಣ. ಅದು ನಗೆಯ ಮಾತಾದರೂ ಅದರಲ್ಲಿ ಹುರುಳಿದೆ. ಕಚೇರಿಯ ನೌಕರನಿಗೆ ರಜೆ ಎಂಬುದುಂಟು. ತೋಟಕ್ಕೆ ರಜೆ ಇಲ್ಲ. ಅದಕ್ಕಿಂತಲೂ ದೊಡ್ಡ ತೊಡಕು ಇನ್ನೊಂದಿದೆ: ನಮ್ಮ ಪಂಚಾಂಗಕ್ಕೂ ಕಡಲಿನ ಪಂಚಾಂಗಕ್ಕೂ ಹೊಂದಿಕೆಯಿಲ್ಲ. ನಮಗೆ ತುಸು ಬಿಡುವಾಗುವುದು ಆಟಿ, ಸೋಣ ತಿಂಗಳುಗಳಲ್ಲಿ, ಸಿಂಪಡಣೆಗಳ ನಡುವೆ. ಆಗ ಕಡಲು ಬಾಗಿಲು ಹಾಕಿರುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಯೇ ನಿಷಿದ್ಧ. ಪ್ರವಾಸಿಗಳ ದೋಣಿಯಂತೂ ಸೆಪ್ಟೆಂಬರ್ ಕಳೆಯುವವರೆಗೆ ನೀರಿಗಿಳಿಯುವುದಿಲ್ಲ. ಕಡಲು ತಿಳಿಯಾಗಿ ಕರೆಯುವ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿ ನಮ್ಮ ಅಡಿಕೆ ಕೊಯ್ಲು, ಅಂಗಳದಲ್ಲಿ ನಲವತ್ತು ನಲವತ್ತೈದು ದಿನದ ಒಣಗಿಸುವಿಕೆ, ರೊಬಸ್ಟಾ ಹಣ್ಣಿನ ಕೊಯ್ಲು, ಅದು ಮುಗಿಯಿತೆನ್ನುವಾಗ ಹೂಮಳೆಗೆ ಕಾಯುವುದು, ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಚ್ಚುವುದು, ಮೇ ಬಂತೆಂದರೆ ಮೈಲುತುತ್ತು ತರುವುದು.

ಈ ವಿಚಾರದಲ್ಲಿ ಸಂಘ ಒಮ್ಮೆ ಪೆಟ್ಟು ತಿಂದಿದೆ, ಮತ್ತು ತಪ್ಪು ನಮ್ಮದೇ. ಕೆಲವು ವರ್ಷಗಳ ಹಿಂದೆ ಸೆಪ್ಟೆಂಬರ್ ನಡುವಿನಲ್ಲಿ ಮಳೆ ನಾಲ್ಕು ದಿನ ಬಿಟ್ಟದ್ದನ್ನು ಕಂಡು ನಾವು ಉತ್ಸಾಹದಿಂದ ಬಸ್ಸು ಗೊತ್ತುಮಾಡಿ, ನಲವತ್ತು ಮಂದಿಯನ್ನು ಸೈಂಟ್ ಮೇರೀಸ್ ದ್ವೀಪ ತೋರಿಸುತ್ತೇವೆಂದು ಮಲ್ಪೆಗೆ ಕರೆದೊಯ್ದೆವು. ಬಂದರಿನಲ್ಲಿ ದೋಣಿ ಕಟ್ಟಿಹಾಕಿತ್ತು. ಮೇಲೆ ಬಿಸಿಲು, ಕಡಲಿನಲ್ಲಿ ಮಾತ್ರ ಆಳೆತ್ತರದ ಅಲೆ. ಇಡ್ಲಿ ತಿಂದು, ಉಡುಪಿಯಲ್ಲಿ ಕೃಷ್ಣದರ್ಶನ ಮಾಡಿಕೊಂಡು ಹಿಂದಿರುಗಿದೆವು. ಒಂದು ದೂರವಾಣಿ ಕರೆ ಮಾಡಿ ವಿಚಾರಿಸಿದ್ದರೆ ಮುಗಿಯುತ್ತಿದ್ದ ಕೆಲಸ. ‘ಸೆಕ್ರೆಟರಿಗಳ ದ್ವೀಪ’ ಎಂಬ ಪರಿಹಾಸ್ಯ ಇಂದಿಗೂ ನಮ್ಮ ಬೆನ್ನು ಬಿಟ್ಟಿಲ್ಲ.

ಆದರೂ ಎರಡು ಪಂಚಾಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಣ್ಣ ಕಿಂಡಿ ಕಾಣುತ್ತದೆ. ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ, ಸುಮಾರಾಗಿ ನವರಾತ್ರಿ ಕಳೆದು ದೀಪಾವಳಿಯ ಹಿಂದುಮುಂದು. ಗೊಬ್ಬರ ಹಾಕಿ ಮುಗಿದಿರುತ್ತದೆ. ನೆಲದಲ್ಲಿ ಪಸೆ ಇರುವುದರಿಂದ ನೀರು ಬಿಡುವ ಗಡಿಬಿಡಿ ಇಲ್ಲ. ಅಡಿಕೆಯ ಮೊದಲ ಕೊಯ್ಲಿಗೆ ಕೊನೆಗಾರ ಇನ್ನೂ ಬಂದಿರುವುದಿಲ್ಲ. ಅರೇಬಿಕಾ ಇರುವವರಿಗೆ ನವೆಂಬರ್ ಕಷ್ಟ, ಅಕ್ಟೋಬರ್ ಕೊನೆಯಾದರೆ ಸಾಧ್ಯ. ರೊಬಸ್ಟಾದವರಿಗೆ ಇಡೀ ತಿಂಗಳು ಸಿಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮಳೆ ಅಕ್ಟೋಬರಿನಲ್ಲೂ ಕಾಲು ಚಾಚಿಕೊಂಡು ಕುಳಿತಿರುತ್ತದೆ ಎಂಬುದನ್ನು ಒಪ್ಪುತ್ತೇವೆ. ಚಂಡಮಾರುತದ ಭಯವೂ ಇಲ್ಲದಿಲ್ಲ. 2017ರ ಡಿಸೆಂಬರ್ ಆರಂಭದಲ್ಲಿ ಒಖಿ, 2021ರ ಮೇ ತಿಂಗಳಲ್ಲಿ ತೌಕ್ತೆ ಲಕ್ಷದ್ವೀಪವನ್ನು ಕಾಡಿದ್ದನ್ನು ನಾವು ಮರೆತಿಲ್ಲ. ಆದರೆ ಹವಾಮಾನದ ಮುನ್ಸೂಚನೆ ನೋಡಿ ಹೊರಡುವುದು ನಮಗೇನೂ ಹೊಸ ವಿದ್ಯೆಯಲ್ಲ. ಸಿಂಪಡಣೆಗೆ ಮಾಡುವುದು ಅದನ್ನೇ.

ಮುಂದಿನ ವರ್ಷ ನೋಡೋಣ ಎನ್ನುವವರಿಗಾಗಿ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇವೆ, ಹೆಸರು ಬೇಡವೆಂದಿದ್ದಾರೆ.

ಸುಳ್ಯದ ಕಡೆಯ ನಮ್ಮ ಹಿರಿಯ ಸದಸ್ಯರೊಬ್ಬರು ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಮಲ್ಪೆಯ ದ್ವೀಪ ತೋರಿಸುವ ಮಾತು ಕೊಟ್ಟಿದ್ದರು. ಆ ವರ್ಷ ಕೊಳೆರೋಗ. ಮರುವರ್ಷ ಬಾವಿ ತೋಡಿಸಿದರು. ಆಮೇಲೆ ಮಕ್ಕಳ ಶಾಲೆ, ತಂದೆಯ ಕಾಯಿಲೆ, ಕೊಳವೆಬಾವಿ, ಮಗಳ ಮದುವೆ. ಕೊನೆಗೆ ತೋಟಕ್ಕೆ ಹಳದಿ ರೋಗ ಹೊಕ್ಕಿ ಅರ್ಧಕ್ಕರ್ಧ ಮರ ಹೋದವು. ಎಲ್ಲ ಮುಗಿದು, ಮಗ ಕಾರು ತಂದು, ಹೋದ ವರ್ಷ ಅಂತೂ ಹೊರಟರು. ಮಲ್ಪೆಯ ದ್ವೀಪಕ್ಕೆ ಹೋದವರಿಗೆ ಗೊತ್ತು, ದೊಡ್ಡ ದೋಣಿ ದ್ವೀಪದ ದಂಡೆಗೆ ತಾಗುವುದಿಲ್ಲ. ನಡುವೆ ಸಣ್ಣ ದೋಣಿಗೆ ಹೆಜ್ಜೆ ಬದಲಿಸಿ ಇಳಿಯಬೇಕು. ಆ ತಾಯಿಯ ಎರಡೂ ಮೊಣಕಾಲು ಹೋಗಿ ನಾಲ್ಕು ವರ್ಷವಾಗಿತ್ತು. ದೋಣಿಯವರೇ ಬೇಡವೆಂದರು. ಗಂಡನನ್ನೂ ಮಗನನ್ನೂ ಹೋಗಿಬನ್ನಿ ಎಂದು ಕಳುಹಿಸಿ ಅವರು ಬಂದರಿನ ಕಟ್ಟೆಯಲ್ಲಿ ಕುಳಿತರು. “ಇಲ್ಲಿಂದಲೇ ಕಾಣ್ತದಲ್ಲ, ನೋಡಿದ ಹಾಗೇ ಆಯ್ತು” ಎಂದರಂತೆ. ಇದನ್ನು ನಮಗೆ ಹೇಳುವಾಗ ಆ ಸದಸ್ಯರು ಅಡಿಕೆ ಧಾರಣೆಯ ಬಗ್ಗೆ ಮಾತಾಡಲು ಬಂದಿದ್ದರು. ಧಾರಣೆಯ ಮಾತು ಅಂದು ಆಗಲಿಲ್ಲ.

ತೋಟದ ಮನೆಯ ಹೆಂಗಸರ ದುಡಿಮೆಯನ್ನು ನಾವು ಲೆಕ್ಕಪುಸ್ತಕದಲ್ಲಿ ಬರೆಯುವುದಿಲ್ಲ. ಕೆಲಸದವರಿಗೆ ಬೆಳಗಿನ ತಿಂಡಿ, ಹತ್ತು ಗಂಟೆಯ ಚಹಾ, ಮಧ್ಯಾಹ್ನದ ಊಟ, ದನದ ಹಟ್ಟಿ, ಅಡಿಕೆ ಹೆಕ್ಕುವುದು. ಭಾನುವಾರವೂ ಇದೇ. ನಮ್ಮ ಮನೆಯಾಕೆ ಮದುವೆಯಾಗಿ ಬಂದು 28 ವರ್ಷ. ಬೇರೆಯವರ ಮದುವೆ, ಮುಂಜಿ, ಬೊಜ್ಜಗಳನ್ನು ಬಿಟ್ಟರೆ ಮನೆಯಿಂದ ಹೊರಗೆ ರಾತ್ರಿ ಕಳೆದದ್ದನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಇದನ್ನು ಬರೆಯುವಾಗ ನಾವು ತಲೆತಗ್ಗಿಸಿಯೇ ಬರೆಯುತ್ತಿದ್ದೇವೆ.

ಎಲ್ಲಿಗೆ ಹೋಗಬೇಕೆಂಬುದು ಮುಂದಿನ ಪ್ರಶ್ನೆ. ಹತ್ತಿರದ್ದನ್ನು ಬಿಟ್ಟು ದೂರಕ್ಕೆ ಹಾರುವುದು ನಮಗೆ ಸರಿಕಾಣುವುದಿಲ್ಲ. ಮಲ್ಪೆಯ ಆ ದ್ವೀಪಗಳಿಗೆ ದೋಣಿಯಲ್ಲಿ ಸುಮಾರು ಅರ್ಧ ಗಂಟೆ. ಮರದ ದಿಮ್ಮಿಗಳನ್ನು ಒಟ್ಟೊಟ್ಟಿಗೆ ನಿಲ್ಲಿಸಿದಂತೆ ಕಾಣುವ ಅಲ್ಲಿನ ಕಲ್ಲಿನ ಕಂಬಗಳು ಲಾವಾರಸ ತಣಿದು ಬಿರುಕುಬಿಟ್ಟು ಆದವು, ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಇನ್ನೂ ಬಡಗಿಗೆ ಹೋದರೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲಿನೊಳಗೆ ನೇತ್ರಾಣಿ. ಅಲ್ಲಿ ಸುತ್ತಲಿನ ನೀರು ನೋಡಬೇಕು, ಹವಳ, ಬಣ್ಣದ ಮೀನು; ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು. ಕಾಡುಪ್ರಾಣಿ ನೋಡಬೇಕೆಂಬ ಆಸೆ ಇರುವವರಿಗೆ ಇನ್ನೂ ಒಂದು ಮಾತು: 2024ರಲ್ಲಿ ನಮ್ಮ ತಣ್ಣೀರುಬಾವಿ, ಸಸಿಹಿತ್ಲುವಿನ ಮರಳಿನಲ್ಲೇ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಟ್ಟವು; ಅರಣ್ಯ ಇಲಾಖೆ ಬೇಲಿ ಹಾಕಿ ಕಾದು ಮರಿಗಳನ್ನು ಕಡಲಿಗೆ ಬಿಟ್ಟಿತು. ಕದ್ರಿಗೆ ಬಂದುಹೋಗುವ ನಮಗೆ ಅದು ಪತ್ರಿಕೆಯಲ್ಲಿ ಓದಿ ತಿಳಿಯಿತು.

ಇನ್ನು ಲಕ್ಷದ್ವೀಪ. ಇದು ಯಾವುದೋ ದೂರದ ನಾಡೆಂದು ತಿಳಿಯಬೇಡಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ಬಡಗಣ ಗುಂಪು ಟಿಪ್ಪುವಿನ ಕೈಯಿಂದ 1799ರಲ್ಲಿ ಇಂಗ್ಲಿಷರಿಗೆ ಬಂದು, ಆಮೇಲೆ ನಮ್ಮ ಜಿಲ್ಲೆಗೇ ಸೇರಿತ್ತು. ದ್ವೀಪದವರು ನಾರಿನ ಹುರಿಯನ್ನು ಓಡಗಳಲ್ಲಿ ತುಂಬಿ ಮಂಗಳೂರಿಗೆ ತರುತ್ತಿದ್ದರು. ಸರಕಾರ ತಾನೇ ದರ ಗೊತ್ತುಮಾಡಿ ಅದನ್ನು ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ಬೆಳೆದವನಿಗೆ ದರದಲ್ಲಿ ಮಾತಿಲ್ಲದ ಆ ವ್ಯವಹಾರ ಹೇಗಿದ್ದಿರಬಹುದೆಂದು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು, ಕಾಸರಗೋಡು ತಾಲೂಕು ಕೇರಳಕ್ಕೆ ಹೋದ ಅದೇ ದಿನ, ಆ ದ್ವೀಪಗಳೂ ನಮ್ಮ ಜಿಲ್ಲೆಯ ಲೆಕ್ಕದಿಂದ ಹೊರಬಿದ್ದು ಕೇಂದ್ರಾಡಳಿತಕ್ಕೆ ಸೇರಿದವು. ಲಕ್ಷದ್ವೀಪ ಎಂಬ ಹೆಸರಾದದ್ದು 1973ರಲ್ಲಿ. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ಅಲ್ಲಿಗೆ ತರಕಾರಿ, ದಿನಸಿ, ಸಿಮೆಂಟು, ಜಲ್ಲಿ ಹೋಗುತ್ತದೆ. 2024ರ ಮೇ ತಿಂಗಳಲ್ಲಿ ಪ್ರಯಾಣಿಕರನ್ನು ಹೊತ್ತ ವೇಗದ ಹಡಗೊಂದು ಅಲ್ಲಿಂದ ಬಂದಾಗ ನಾವೂ ಆಸೆಪಟ್ಟೆವು. ಆದರೆ ಅದನ್ನೇ ನಂಬಿ ದಿನ ಗೊತ್ತುಮಾಡುವಂತಿಲ್ಲ. ಕೊಚ್ಚಿಗೆ ಹೋಗಿ ಹಡಗನ್ನೋ ಅಗತ್ತಿಯ ವಿಮಾನವನ್ನೋ ಹಿಡಿಯುವುದೇ ಖಾತ್ರಿ ದಾರಿ.

ಕೃಷಿಕನ ಕಣ್ಣಿಗೆ ಅಲ್ಲಿ ನೋಡಲು ಬೇಕಾದಷ್ಟಿದೆ. ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ಬಿಡುಗಡೆ ಮಾಡಿದ ‘ಚಂದ್ರಕಲ್ಪ’ ತೆಂಗು ಲಕ್ಷದ್ವೀಪದ ಸಾಮಾನ್ಯ ತಳಿಯಿಂದ ಆಯ್ದದ್ದೇ. 36 ದ್ವೀಪಗಳನ್ನು ಕೂಡಿಸಿದರೂ 32 ಚದರ ಕಿಲೋಮೀಟರ್ ನೆಲ. 2011ರ ಜನಗಣತಿಯಂತೆ ಅದರಲ್ಲಿ 64 ಸಾವಿರ ಜನ. ಹೊಳೆಯಿಲ್ಲ, ತೋಡಿಲ್ಲ, ಗುಡ್ಡವಿಲ್ಲ. ಬಿದ್ದ ಮಳೆನೀರು ಹವಳದ ಮರಳಿನಡಿ ಇಳಿದು ಉಪ್ಪುನೀರಿನ ಮೇಲೆ ತೆಳ್ಳಗಿನ ಪದರವಾಗಿ ತೇಲುತ್ತಿರುತ್ತದೆ. ಬಾವಿಯಿಂದ ಜಾಸ್ತಿ ಎತ್ತಿದರೆ ಅಡಿಯ ಉಪ್ಪು ಮೇಲೇರುತ್ತದೆ. ಅದಕ್ಕೆಂದೇ 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿ ಮಾಡುವ ಘಟಕ ಹಾಕಬೇಕಾಯಿತು. ಮೂರು ಕೊಳವೆಬಾವಿ ತೆಗೆಸಿ ನಾಲ್ಕನೆಯದಕ್ಕೆ ಜಾಗ ತೋರಿಸಲು ನೀರು ನೋಡುವವರನ್ನು ಕರೆಯುವ ನಾವು ಆ ಬಾವಿಗಳ ಬಳಿ ಹತ್ತು ನಿಮಿಷ ನಿಲ್ಲುವುದು ಒಳ್ಳೆಯದು.

ಅಂಡಮಾನ್ ಇನ್ನೂ ದೊಡ್ಡದು, ಇನ್ನೂ ಚೆಂದ. ಮಳೆಕಾಡು, ಅಡಿಕೆ, ತೆಂಗು ಎಲ್ಲ ಇದೆ. ‘ಸಮೃದ್ಧಿ’ ಅಡಿಕೆ ತಳಿಯ ಮೂಲವೂ ಅದೇ. ಆದರೆ ನಮ್ಮ ಕಿಂಡಿಯ ಹೊತ್ತಿಗೆ ಅಲ್ಲಿ ಹಿಂಗಾರು ಮಳೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ಅಲ್ಲಿಗೆ ಒಳ್ಳೆಯ ಕಾಲ ಜನವರಿಯ ಮೇಲೆ. ಮಗನೋ ತಮ್ಮನೋ ಮನೆಯಲ್ಲಿರುವ ಭಾಗ್ಯವಂತರು ಮಾತ್ರ ಅದನ್ನು ಯೋಚಿಸಲಿ.

ಪರವಾನಗಿಯ ವಿಷಯದಲ್ಲಿ ನಮ್ಮ ಸ್ವಂತ ಅನುಭವ ಕಹಿ. ಲಕ್ಷದ್ವೀಪಕ್ಕೆ ಹೊರಗಿನವರು ಪ್ರವೇಶ ಪರವಾನಗಿ ಇಲ್ಲದೆ ಕಾಲಿಡುವಂತಿಲ್ಲ. 1967ರಿಂದ ಈ ನಿಯಮವಿದೆ. ಐದಾರು ವರ್ಷಗಳ ಹಿಂದೆ ನಾವು ಒಬ್ಬ ಏಜೆಂಟರ ಮಾತು ನಂಬಿ ಮುಂಗಡ ಕೊಟ್ಟು, ವಿಮಾನದ ಟಿಕೆಟೂ ತೆಗೆಸಿ ಕುಳಿತೆವು. ಹೊರಡುವ ದಿನ ಬಂತು, ಪರವಾನಗಿ ಬರಲಿಲ್ಲ. ಆಮೇಲೆ ಏಜೆಂಟರೂ ಸಿಗಲಿಲ್ಲ. ಮನೆಯಾಕೆ ಕಟ್ಟಿದ ಪೆಟ್ಟಿಗೆಯನ್ನು ಮಾತಿಲ್ಲದೆ ಬಿಚ್ಚಿದಳು. ಆದುದರಿಂದ ಪರವಾನಗಿ ಕೈಗೆ ಬಂದ ಮೇಲೆಯೇ ಟಿಕೆಟು, ಟಿಕೆಟಾದ ಮೇಲೆಯೇ ಪೆಟ್ಟಿಗೆ. ಅರ್ಜಿ ಆಗಸ್ಟಿನಲ್ಲೇ ಹೋಗಬೇಕು. ದ್ವೀಪಾಡಳಿತದ ಪ್ರವಾಸ ಸಂಸ್ಥೆಯಾದ ‘ಸ್ಪೋರ್ಟ್ಸ್’ ಮುಖಾಂತರ ಹೋಗುವುದು ನಮ್ಮಂಥವರಿಗೆ ಕ್ಷೇಮ.

ಹೋದಲ್ಲಿ ಹೇಗಿರಬೇಕೆಂದು ನಮ್ಮವರಿಗೆ ಉಪದೇಶ ಬೇಕಾಗದು. ನಮ್ಮಲ್ಲಿ ಹಲವರು ಹೋಂಸ್ಟೇ ನಡೆಸುತ್ತಿದ್ದಾರೆ. ಪೇಟೆಯಿಂದ ಬಂದವರು ಕಾಫಿಯ ಹೂ ಕಿತ್ತದ್ದು, ತೋಡಿಗೆ ಬಾಟಲಿ ಎಸೆದದ್ದು, ರಾತ್ರಿ ಹನ್ನೆರಡರವರೆಗೆ ಪಾಟು ಹಾಕಿದ್ದು, ಇವೆಲ್ಲ ಪ್ರತಿ ಸಭೆಯ ದೂರು. ದ್ವೀಪದವರಿಗೆ ನಾವೇ ಆ ಪೇಟೆಯವರು. ಹವಳದ ಚೂರು, ಸತ್ತದ್ದಾದರೂ ಸರಿ, ಮೊಮ್ಮಗನಿಗೆಂದು ಚೀಲಕ್ಕೆ ಹಾಕಿದರೆ ಅದು ವನ್ಯಜೀವಿ ಕಾಯಿದೆಯಡಿ ಅಪರಾಧ. 1998, 2010, 2016ರಲ್ಲಿ ಕಡಲು ಬಿಸಿಯಾಗಿ ಅಲ್ಲಿನ ಹವಳ ಬೆಳ್ಳಗಾಗಿ ಸತ್ತಿದೆ. ಎಲೆಚುಕ್ಕಿಯಿಂದ ಸೋಗೆ ಒಣಗಿದ ತೋಟ ನೋಡಿದವರಿಗೆ ಅದರ ಸಂಕಟ ತಿಳಿಯುತ್ತದೆ. ಇನ್ನು ಈಜು. ತೋಡಿನ ಕಟ್ಟದಲ್ಲಿ, ಹೊಳೆಯ ಗುಂಡಿಯಲ್ಲಿ ಈಜಿ ಬೆಳೆದವರೇ ಕಡಲಿಗೆ ಹೆಚ್ಚಾಗಿ ಬಲಿಯಾಗುವವರು. ಜೀವರಕ್ಷಕ ಜಾಕೆಟ್ ಹಾಕಿಕೊಳ್ಳಲು ನಾಚಿಕೆಪಡುವವರನ್ನು ಸಂಘ ಕರೆದುಕೊಂಡು ಹೋಗುವುದಿಲ್ಲ.

ಕೊನೆಗೆ ಪಂಪು. ನಮ್ಮ ಹಿರಿಯರಲ್ಲಿ ಮುಯ್ಯಿ ಎಂಬ ಪದ್ಧತಿಯಿತ್ತು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಗದ್ದೆ ಹೋಯಿತು, ಮುಯ್ಯಿಯೂ ಹೋಯಿತು. ಅದನ್ನು ರಜೆಗೆ ಏಕೆ ತರಬಾರದು? ಅಕ್ಕಪಕ್ಕದ ನಾಲ್ಕು ಮನೆಯವರು ಒಂದು ಕೂಟವಾಗಲಿ. ಎರಡು ಮನೆಯವರು ಒಂದು ವಾರ ಹೋಗಿಬರಲಿ, ಉಳಿದಿಬ್ಬರು ಅವರ ದನ, ನಾಯಿ, ಪಂಪು, ಅಂಗಳ ನೋಡಲಿ. ಮುಂದಿನ ವಾರ ಅದಲುಬದಲು. ನೆರೆಯವರೊಡನೆ ಗಡಿಯ ವ್ಯಾಜ್ಯ ಇರುವವರು ಏನು ಮಾಡಬೇಕೆಂದು ಒಬ್ಬರು ಕೇಳಿದ್ದಾರೆ. ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಆಚೆಯ ನೆರೆಯವರನ್ನು ವಿಚಾರಿಸಬಹುದು.

ಅಕ್ಟೋಬರ್ ಕೊನೆಯ ವಾರ ಮಲ್ಪೆ ಮತ್ತು ಮುರುಡೇಶ್ವರಕ್ಕೆ ಎರಡು ದಿನ, ನವೆಂಬರ್ ಮೊದಲ ವಾರ ಪರವಾನಗಿ ಸಿಕ್ಕಿದವರಿಗೆ ಲಕ್ಷದ್ವೀಪ, ಹೀಗೆ ಎರಡು ತಂಡ ಮಾಡುವ ಯೋಚನೆಯಿದೆ. ಮಲ್ಪೆಯ ದೋಣಿಯವರನ್ನು ಈ ಬಾರಿ ಮೊದಲೇ ವಿಚಾರಿಸಲಾಗುವುದು. ಮುಂದಿನ ಸಭೆಯ ಮೊದಲು ಕದ್ರಿ ಕಚೇರಿಯಲ್ಲಿ ಹೆಸರು ಬರೆಸಬೇಕು. ಲಕ್ಷದ್ವೀಪದವರು ಎರಡು ಭಾವಚಿತ್ರ, ಗುರುತಿನ ಚೀಟಿಯ ಪ್ರತಿ ತರಬೇಕು. ಗಂಡಸರು ತಮ್ಮೊಬ್ಬರ ಹೆಸರು ಮಾತ್ರ ಬರೆಸಿದರೆ ಮನೆಯವರಿಗೆ ದೂರವಾಣಿ ಮಾಡಿ ಕಾರಣ ಕೇಳಲಾಗುವುದು. ಒಂಟಿಯಾಗಿರುವ ಸದಸ್ಯೆಯರು ಜೊತೆಗೆ ಯಾರನ್ನು ಬೇಕಾದರೂ ಕರೆತರಬಹುದು. ಪಂಪಿನ ಮನೆಯ ಬೀಗದ ಕೈ ಯಾರ ಬಳಿ ಬಿಡುತ್ತೀರಿ ಎಂಬುದನ್ನು ಅರ್ಜಿಯಲ್ಲೇ ಬರೆಯತಕ್ಕದ್ದು.